ಹೊರಡುವ ಮೊದಲೇ ಮುಟ್ಟುವ ವಿಮಾನ

ಜಕ್ಕಪ್ಪ ಹೆಗಲ ಮೇಲಿನ ಬಿದಿರನ್ನು ಇಳಿಸಿ ವಿಮಾನದ ಮೂಗಿಗೆ ಅಡ್ಡ ಹಿಡಿದ.

"ಇಳೀರಿ ಕೆಳಗ. ಗಂಟಿನ್ಯಾಗ ಏನೈತಿ ತೋರಸ್ರಿ."

ಪಾರಸಿ ಪೈಲಟ್ ಮೂರನೆಯ ಸಲ ಎಂಜಿನ್ ಆರಿಸಿದ. ಮೊದಲ ಸಲ ಆರಿಸಿದ್ದು ತೆಂಗಿನಕಾಯಿ ಒಡೆಯುವುದಕ್ಕೆ, ಎರಡನೆಯ ಸಲ ಕಚೇರಿಯ ಹಿರಿಯ ಕಾರಕೂನರ ಭಾಷಣ ಮುಗಿಯುವುದಕ್ಕೆ. ಈಗ ಅವನು ಚರ್ಮದ ಟೊಪ್ಪಿಗೆ ಕಿತ್ತು ತೊಡೆಗೆ ಬಡಿದುಕೊಂಡು, ಪಡುವಣ ಗುಡ್ಡದ ಕಡೆ ಕೈಮಾಡಿ ಹಿಂದುಸ್ತಾನಿಯಲ್ಲಿ ಏನೇನೋ ಕೂಗಾಡಿದ. ಗುಡ್ಡಕ್ಕೂ ಸೂರ್ಯನಿಗೂ ನಡುವೆ ಒಂದು ಗೇಣಿನಷ್ಟು ಜಾಗ ಉಳಿದಿತ್ತು.

ಮುಂದಿನ ಕುಳಿಯಲ್ಲಿ ಕೂತ ಪಾರಿಸಪ್ಪ ಮಾತ್ರ ಕದಲಲಿಲ್ಲ. ಹೊರಗಿನವರಿಗೆ ಕಾಣುತ್ತಿದ್ದದ್ದು ಅವನ ಹಳದಿ ರುಮಾಲು, ಅದರ ಕೆಳಗೊಂದು ಮೀಸೆ, ಮೀಸೆಯ ಕೆಳಗೆ ಇಡೀ ಜಮಖಂಡಿಯನ್ನು ಕ್ಷಮಿಸಿಬಿಟ್ಟಂಥ ಒಂದು ನಗೆ.

"ಗಡಿಬಿಡಿ ಯಾಕ್ರಿ ಸಾಹೇಬ್ರ," ಎಂದ ಅವನು. "ಜಕ್ಕಪ್ಪನ ಕೆಲಸ ಜಕ್ಕಪ್ಪ ಮಾಡ್ಲಿ. ನಾವೇನು, ಹೊರಡೂಕಿಂತ ಮೊದಲ ಮುಟ್ಟಾವ್ರು."

ಈ ನಗೆ ಆ ಮುಖಕ್ಕೆ ತೀರ ಹೊಸದು. ಹಿಂದಿನ ತಿಂಗಳು ಅದೇ ಮುಖವನ್ನು ಹೊತ್ತುಕೊಂಡು ಅವನು ಮುಧೋಳದಿಂದ ಬನಹಟ್ಟಿಗೆ ಮರಳಿದಾಗ, ಓಣಿಯವರು ಯಾರೋ ತೀರಿಕೊಂಡರೆಂದು ತಿಳಿದು ಮಾತಾಡಿಸಲು ಬಂದಿದ್ದರು. ತೀರಿಕೊಂಡದ್ದು ಯಾರೂ ಅಲ್ಲ, ಒಂದು ಸಂಬಂಧ. ಅದೂ ಪೂರ್ತಿ ತೀರಿರಲಿಲ್ಲ, ಸ್ವಲ್ಪ ಉಸಿರಾಡುತ್ತಿತ್ತು.

ಪಾರಿಸಪ್ಪ ಬನಹಟ್ಟಿಯಲ್ಲಿ ನೂಲು ಮಾರುವವನು. ಅವನ ಮಗ ಜಿನದತ್ತನಿಗೆ ಮುಧೋಳದ ರಾವಸಾಹೇಬನ ಮಗಳು ಹೀರಾಳನ್ನು ತರುವ ಮಾತಾಗಿತ್ತು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಒಪ್ಪಬೇಕಾದವಳು ರಾವಸಾಹೇಬನ ತಾಯಿ ಅಕ್ಕವ್ವ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮ ಜೈನರ ಮನೆಗಳಿಗೆಲ್ಲ ಇದ್ದದ್ದೇ. ಅಕ್ಕವ್ವನ ಮನೆಯಲ್ಲಿ ಮಾತ್ರ ಸೂರ್ಯ ಅವಳ ಅಪ್ಪಣೆ ಕೇಳಿಯೇ ಮುಳುಗುತ್ತಿದ್ದ. ಅವನು ಮುಳುಗಿದನೆಂದರೆ ಒಲೆ ಆರಿತು, ನೀರಿನ ಕೊಡಕ್ಕೂ ಮುಚ್ಚಳ ಬಿತ್ತು.

ಹುಡುಗಿ ನೋಡಲು ಹೋದ ದಿನ ಪಾರಿಸಪ್ಪನ ಗಾಡಿಯನ್ನು ಜಮಖಂಡಿ ಸಂಸ್ಥಾನದ ಗಡಿಯ ಸುಂಕದ ನಾಕಾದಲ್ಲಿ ಇದೇ ಜಕ್ಕಪ್ಪ ಜಕಾತಿಗಾಗಿ ತಡೆದು, ಗಂಟು ಬಿಚ್ಚಿಸಿ, ಕಟ್ಟಿಸಿ, ಮರೆತು ಮತ್ತೆ ಬಿಚ್ಚಿಸಿದ್ದ. ಮುಧೋಳ ಮುಟ್ಟುವಾಗ ದೀಪ ಹಚ್ಚಿದ್ದರು. ಅಕ್ಕವ್ವ ಒಂದು ಮಾತೂ ಆಡದೆ, ಹಗಲೇ ಮಾಡಿ ಮುಚ್ಚಿಟ್ಟಿದ್ದ ಹೋಳಿಗೆಯ ತಾಟನ್ನು ತಂದು ಅವನ ಮುಂದಿಟ್ಟಳು. ಪಾರಿಸಪ್ಪ ಹಸಿದಿದ್ದ. ಸೂರ್ಯ ಮುಳುಗಿಲ್ಲ, ಮೋಡದ ಮರೆಗೆ ಹೋಗಿದ್ದಾನೆ ಎಂದು ಹೇಳಿ ಒಂದು ಹೋಳಿಗೆ ತಿಂದ. ಪ್ರಯಾಣಿಕರಿಗೆ ನೇಮದಲ್ಲಿ ಸಡಿಲಿಕೆ ಇದೆ ಎಂದು ಇನ್ನೊಂದು ತಿಂದ. ಹಗಲು ಮಾಡಿದ ಹೋಳಿಗೆ ಯಾವಾಗ ತಿಂದರೂ ಹಗಲಿನದೇ ಎಂದು ಮೂರನೆಯದು ತಿಂದ. ನಾಲ್ಕನೆಯದಕ್ಕೆ ಕಾರಣ ಹೊಳೆಯದೆ, ಬೀಗರ ಮನಸ್ಸು ನೋಯಿಸಬಾರದು ಎಂದು ತುಪ್ಪ ಹಾಕಿಸಿಕೊಂಡ.

ತಾಟು ಖಾಲಿಯಾದ ಮೇಲೆ ಅಕ್ಕವ್ವ ಬಾಯಿ ಬಿಟ್ಟಳು. "ಹಸದಾವ ಉಂಡ್ರ ನಾ ಏನೂ ಅನ್ನಾಕಿ ಅಲ್ಲ. ಹೋಳಿಗಿಗೊಂದು ಕಾರಣ ಹೇಳ್ಕೋತ ಉಣ್ಣಾವ್ರ ಮನಿಗೆ ನಮ್ಮ ಹುಡುಗಿ ಹೋಗೂದಿಲ್ಲ."

ರಾವಸಾಹೇಬ ತಾಯಿಯ ಕಾಲು ಹಿಡಿದು ಇನ್ನೊಂದು ಅವಕಾಶ ಬೇಡಿದ. ಬರುವ ತಿಂಗಳ ಇಂಥ ಗುರುವಾರ ಪಾರಿಸಪ್ಪ ಬಂದು ಬೆಳಕಿರುವಾಗಲೇ ತಮ್ಮ ಪಂಕ್ತಿಯಲ್ಲಿ ಕೂತು ಸಿಹಿ ಉಣ್ಣಬೇಕು. ಉಂಡರೆ ಮಾತು ಪಕ್ಕಾ, ಇಲ್ಲದಿದ್ದರೆ ತೇರದಾಳದಿಂದ ಬೇರೊಂದು ಸಂಬಂಧ ಬಂದು ಕಾದಿದೆ ಎಂದು ಅಕ್ಕವ್ವ ತೀರ್ಪು ಕೊಟ್ಟಳು. ಬನಹಟ್ಟಿಯಲ್ಲಿ ಜಿನದತ್ತ ಅಪ್ಪನ ಜೊತೆ ಮಾತು ಬಿಟ್ಟ. ಪಾರಿಸಪ್ಪನ ಹೆಂಡತಿ ಮಹಾದೇವಿ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಪಾರಿಸಪ್ಪನಿಗೆ ದಿನಾಲೂ ಅನಿಸುತ್ತಿತ್ತು.

"ಈ ಸಲ ಹೊತ್ತಿಗೆ ಮುಟ್ಟಲಿಲ್ಲಂದ್ರ ಮನಿಗೆ ಬರಬ್ಯಾಡ್ರಿ," ಎಂದಳು. "ಆ ನಾಕಾದಾಗ ಜಕ್ಕಪ್ಪನ ಕೂಡ ಸಂಸಾರ ಮಾಡ್ರಿ."

ಬುದ್ಧಿ ಇದ್ದವನು ಬುಧವಾರವೇ ಗಾಡಿ ಕಟ್ಟಿಸುತ್ತಿದ್ದ. ಪಾರಿಸಪ್ಪನೂ ಕಟ್ಟಿಸುವವನೇ. ಆದರೆ ನಡುವೆ ಅಂಗಡಿಯ ಕಟ್ಟೆಯ ಮೇಲೆ ಒಂದು ಮಾತು ಬಂತು.

ಬಣ್ಣಗಾರ ಗಿರಮಲ್ಲಪ್ಪ ನೂಲು ಒಯ್ಯಲು ಬಂದವನು ಸುದ್ದಿ ಹೇಳಿದ. ಜಮಖಂಡಿಯವರೂ ಮುಧೋಳದವರೂ ಒಂದೊಂದು ಮಾಳ ಸಮ ಮಾಡಿಸಿ, ಕಲ್ಲು ಆರಿಸಿ, ನಡುವೆ ಸುಣ್ಣದ ಗೆರೆ ಎಳೆಸಿದ್ದಾರಂತೆ. ಮುಂಬಯಿಯಿಂದ ವಿಮಾನ ಬಂದು ಒಂದರಿಂದ ಇನ್ನೊಂದಕ್ಕೆ ಹಾರುವುದಂತೆ. ಕೂತವರು ಬದುಕುತ್ತಾರೋ ಇಲ್ಲವೋ ಎಂದು ಗಿರಮಲ್ಲಪ್ಪ ಚಿಂತೆಪಟ್ಟ. ಪಾರಿಸಪ್ಪ ವಿಮಾನವನ್ನು ಕೊಲ್ಲಾಪುರದಲ್ಲಿ ಕ್ಯಾಲೆಂಡರಿನ ಮೇಲೆ ನೋಡಿದ್ದ. ಕೊಲ್ಲಾಪುರದಲ್ಲಿ ನೋಡಿದ್ದೇನೆ ಎಂದಷ್ಟೇ ಹೇಳಿ ಕ್ಯಾಲೆಂಡರನ್ನು ಬಿಟ್ಟ. ಕೂರುವುದೇನು ದೊಡ್ಡದಲ್ಲ, ಟಾಂಗಾದ ಹಾಗೆಯೇ, ಕುದುರೆಯ ವಾಸನೆ ಮಾತ್ರ ಇಲ್ಲ ಎಂದ. ಆ ದಿನ ಜಾಗ ಇದ್ದಿದ್ದರೆ ತಾನೇ ಕೂತುಬಿಡುತ್ತಿದ್ದೆ ಎಂದೂ ಸೇರಿಸಿದ.

ಈ ಕೊನೆಯ ವಾಕ್ಯ ಸಂಜೆಯೊಳಗೆ ಜಮಖಂಡಿಯ ಕಚೇರಿ ಮುಟ್ಟಿತು. ಅಲ್ಲಿ ಮಾಮಲೇದಾರರು ಮುಧೋಳಕ್ಕೆ ಹಾರ ಒಯ್ಯಲು ಒಬ್ಬ ಮರ್ಯಾದಸ್ಥ ರೈತನನ್ನೋ ವ್ಯಾಪಾರಿಯನ್ನೋ ಹುಡುಕಿ ಸುಸ್ತಾಗಿದ್ದರು. ಸಂಸ್ಥಾನದ ಮರ್ಯಾದಸ್ಥರಿಗೆಲ್ಲ ಆ ವಾರ ಒಟ್ಟಿಗೆ ಹೊಟ್ಟೆನೋವು ಬಂದಿತ್ತು. ಮರುದಿನ ಮುಂಜಾನೆ ಕಚೇರಿಯ ಪಟ್ಟೇವಾಲಾ ಪಾರಿಸಪ್ಪನ ಅಂಗಡಿಗೆ ಬಂದು, ಗುರುವಾರ ಸಂಜೆ ವಿಮಾನದಲ್ಲಿ ಹೋಗುವವರು ತಾವೇ, ಹೊಸ ರುಮಾಲು ಸುತ್ತಿಕೊಂಡು ಬರಬೇಕು ಎಂದು ಕೈಮುಗಿದು ಹೋದ.

ಎರಡು ದಿನ ಪಾರಿಸಪ್ಪ ತನಗೂ ಹೊಟ್ಟೆನೋವು ಬರಿಸಿಕೊಳ್ಳಲು ನೋಡಿದ. ಮಹಾದೇವಿ ಕಷಾಯ ಕುಡಿಸಿದ್ದರಿಂದ ಅದೂ ನಿಂತಿತು. ಮೂರನೆಯ ದಿನ ವಿಮಾನದ ಪರೀಕ್ಷೆ ನಡೆಯಿತು. ಯಾರನ್ನೂ ಕೂರಿಸಿಕೊಳ್ಳದೆ ಪೈಲಟ್ ಒಬ್ಬನೇ ಹಾರಿ ಹೋದ. ಜಮಖಂಡಿಯ ಗಂಟೆ ಐದು ಹೊಡೆದಾಗ ಮಾಳ ಬಿಟ್ಟದ್ದನ್ನು ಇಡೀ ಊರು ನೋಡಿತು. ಮುಧೋಳದಲ್ಲಿ ಇಳಿದ ವೇಳೆಯನ್ನು ಅಲ್ಲಿಯ ಕಚೇರಿ ಸವಾರನ ಕೈಲಿ ತಿಳಿಸಿತು: ಐದಕ್ಕೆ ಇನ್ನೂ ಕಾಲು ತಾಸು ಬಾಕಿ ಇತ್ತು.

ಕಚೇರಿಯಲ್ಲಿ ಗದ್ದಲ. ಜಮಖಂಡಿಯ ಗಂಟೆ ಕುಡಚಿ ಸ್ಟೇಷನ್ನಿನಿಂದ ತಂದ ರೈಲ್ವೆ ವೇಳೆಯಂತೆ ಹೊಡೆಯುತ್ತಿತ್ತು. ಮುಧೋಳದಲ್ಲಿ ಅಪ್ಪಾಸಾಬ ಎಂಬ ಗಡಿಯಾರದ ಮೇಸ್ತ್ರಿ ದಿನಾಲೂ ನಡುಮಧ್ಯಾಹ್ನ ಒಂದು ಕಲ್ಲಿನ ನೆರಳು ನೋಡಿ ಮುಳ್ಳು ತಿರುಗಿಸುತ್ತಿದ್ದ. ಎರಡಕ್ಕೂ ಅರ್ಧ ತಾಸಿನ ಫರಕು, ಮುಧೋಳದ್ದು ಹಿಂದೆ. ಇದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಅಂದಿನವರೆಗೆ ಈ ಎರಡು ಊರುಗಳ ನಡುವೆ ಓಡಾಡಿದ್ದು ಎತ್ತಿನ ಗಾಡಿ. ಗಾಡಿಯಲ್ಲಿ ಕೂತವರು ಅರ್ಧ ತಾಸನ್ನು ನಿದ್ದೆಯಲ್ಲೇ ಕಳೆದುಬಿಡುತ್ತಿದ್ದರು. ಹೀಗಾಗಿ ವಿಮಾನ ಹೊರಡುವುದಕ್ಕಿಂತ ಕಾಲು ತಾಸು ಮೊದಲೇ ಮುಟ್ಟುತ್ತದೆ ಎಂದು ಕಚೇರಿ ಗೊತ್ತುಮಾಡಿತು. ಸರ್ಕಾರವೇ ಹೇಳಿದ ಮೇಲೆ ಸೂರ್ಯನೂ ಒಪ್ಪಬೇಕಾದ್ದೇ.

ಬನಹಟ್ಟಿಯಲ್ಲಿ ಪಾರಿಸಪ್ಪನ ಕಟ್ಟೆ ತುಂಬಿತು. ವೇಗ ಹೆಚ್ಚಾದರೆ ಹೊತ್ತು ಹಿಂದೆ ಬೀಳುತ್ತದೆ, ಓಡುವ ಎತ್ತಿನ ಹಿಂದೆ ಧೂಳು ಬಿದ್ದ ಹಾಗೆ ಎಂದು ಅವನು ತಿಳಿಹೇಳಿದ. ಗಿರಮಲ್ಲಪ್ಪ ಮುಧೋಳದ ಕೋರ್ಟಿನಲ್ಲಿ ಹೆಸರು ಕೂಗುವ ಹೊತ್ತಿಗೆ ಮುಟ್ಟಲಾರದೆ ಒಂದು ಹೊಲದ ಬಾಂದಿನ ದಾವೆ ಕಳೆದುಕೊಂಡಿದ್ದ. ಈಗ ಹಾರಿದರೆ ಆ ದಿನಕ್ಕೆ ಮುಟ್ಟಬಹುದೇ ಎಂದು ಕೇಳಿದ. ಅವನ ಹೆಂಡತಿ ತಂಗೆವ್ವ ಬಾಗಿಲ ಮರೆಯಿಂದ ಎಲ್ಲ ಕೇಳುತ್ತಿದ್ದಳು.

"ಹತ್ತಿಪ್ಪತ್ತ ವರ್ಸ ಹಿಂದಕ್ಕ ಹೋಗಾಕ ಎಷ್ಟ ಸಲ ಹಾರಬೇಕ್ರಿ ಕಾಕಾ?" ಎಂದಳು.

"ಯಾಕವಾ?"

"ಇವರು ನನ್ನ ನೋಡಾಕ ಬಂದ ದಿನ ನಾ ಹೂಂ ಅಂದಿದ್ದೆ. ಅದೊಂದು ಮಾತ ತಿದ್ದೂದಿತ್ತು."

ಕಟ್ಟೆ ನಕ್ಕಿತು, ಗಿರಮಲ್ಲಪ್ಪ ಒಬ್ಬನನ್ನು ಬಿಟ್ಟು. ಪಾರಿಸಪ್ಪನ ಮುಖಕ್ಕೆ ಆ ಹೊಸ ನಗೆ ಬಂದದ್ದು ಅಂದೇ. ಹೊರಡುವ ಮೊದಲೇ ಮುಟ್ಟುವ ಗಾಡಿ ಇದ್ದ ಮೇಲೆ ಮನುಷ್ಯನಿಗೆ ಅವಸರ ಎಲ್ಲಿಯದು? ಗುರುವಾರ ಅಕ್ಕವ್ವನ ಪಂಕ್ತಿಗೆ ಹೊಟ್ಟೆ ಖಾಲಿ ಇರಲೆಂದು ಮುಂಜಾನೆಯಿಂದ ಏನನ್ನೂ ಮುಟ್ಟದೆ, ಮಧ್ಯಾಹ್ನ ನಿಧಾನ ಎದ್ದು ಜಮಖಂಡಿಗೆ ಬಂದ. ಮಹಾದೇವಿಗೆ ಈ ಲೆಕ್ಕ ನಂಬಿಕೆಯಾಗಿರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಗಂಟೊಂದನ್ನು ಅವನ ಕೈಗೆ ತುರುಕಿ, ಹೊತ್ತು ಇಳಿದರೆ ದಾರಿಯಲ್ಲೇ ತಿಂದುಬಿಡಿ, ಅಲ್ಲಿ ಕತ್ತಲಲ್ಲಿ ಬಾಯಿ ತೆರೆಯಬೇಡಿ ಎಂದಿದ್ದಳು.

ಭಾಷಣ ಮಾಡಿದ ಕಾರಕೂನರಿಗೆ ಇನ್ನೂ ಎರಡು ಮಾತು ಹೇಳಿ ಎಂದು ಉತ್ತೇಜನ ಕೊಟ್ಟವನು ಪಾರಿಸಪ್ಪನೇ. ಈಗ ಜಕ್ಕಪ್ಪನಿಗೂ ಗಂಟನ್ನು ಸಾವಕಾಶ ಬಿಚ್ಚಲು ಹೇಳಿದ. ಜಕ್ಕಪ್ಪನ ತೊಂದರೆ ಬೇರೆ ಇತ್ತು. ಗಡಿ ದಾಟುವ ಮಾಲೆಲ್ಲ ತನ್ನ ನಾಕಾದ ಬಿದಿರಿನ ಕೆಳಗೆ ಹಾಯಬೇಕೆಂದು ಹುಕುಂ ಇದೆ. ಈ ವಿಮಾನ ಬಿದಿರಿನ ಮೇಲೆ ಹಾಯುತ್ತದೆ. ನಾಕಾದಲ್ಲಿ ಒಂದು ಗಳಿಗೆ ನಿಲ್ಲಿಸಿ ಎಂದು ಪೈಲಟ್‌ನನ್ನು ಕೇಳಿ ಬೈಸಿಕೊಂಡ ಮೇಲೆ, ನಾಕಾವನ್ನೇ ಹೊತ್ತು ಮಾಳಕ್ಕೆ ತಂದಿದ್ದ. ಹುಡುಗಿಗೆಂದು ಒಯ್ಯುತ್ತಿದ್ದ ಇಳಕಲ್ ಸೀರೆಯನ್ನು ಅವನು ಮಡಿಕೆ ಮಡಿಕೆ ಬಿಡಿಸಿ ನೋಡಿದ. ಬೆಳ್ಳಿಯ ಕುಂಕುಮ ಭರಣಿಯನ್ನು ತೂಗಿದ. ಕೊನೆಗೆ ಗಂಟು ಕಟ್ಟಿ, ಬಿದಿರು ಎತ್ತಿ, ಸಲಾಮು ಹೊಡೆದು, "ಹಾಯ್ರಿ" ಎಂದ.

ಅವನು ಬಿದಿರು ಎತ್ತುವುದಕ್ಕೂ ಸೂರ್ಯ ಗುಡ್ಡದ ಹಿಂದೆ ಬೀಳುವುದಕ್ಕೂ ಸರಿಹೋಯಿತು. ಹಿಂದೆಯೇ ಜಮಖಂಡಿಯ ಗಂಟೆ ಆರು ಹೊಡೆಯಿತು.

ಪಾರಿಸಪ್ಪ ಹಿಂದಿನ ಕುಳಿಯ ಕಡೆ ತಿರುಗಿ, ಇವತ್ತು ಎಷ್ಟು ಮೊದಲು ಮುಟ್ಟುತ್ತೇವೆ ಎಂದು ತನ್ನ ಮುರುಕು ಹಿಂದುಸ್ತಾನಿಯಲ್ಲಿ ವಿಚಾರಿಸಿದ. ಪೈಲಟ್‌ಗೆ ಪ್ರಶ್ನೆ ತಿಳಿಯಲಿಲ್ಲ. ತಿಳಿದ ಮೇಲೆ ಬಹಳ ಹೊತ್ತು ನಕ್ಕ. ಚಾಚಾ, ನಿಮ್ಮ ಎರಡು ಊರಿಗೆ ಎರಡು ಗಡಿಯಾರ, ನನಗೆ ಒಂದೇ ಗಡಿಯಾರ, ಕಾಲು ತಾಸಿನ ಹಾದಿ ಕಾಲು ತಾಸು ಹಿಡಿಯುತ್ತದೆ ಎಂದು ಕೈಗಡಿಯಾರ ತೋರಿಸಿ ಎಂಜಿನ್ ಚಾಲೂ ಮಾಡಿಸಿದ. ಪಾರಿಸಪ್ಪನ ನಗೆ ಇಳಿಯಿತು. ಪಾರಿಸಪ್ಪನೂ ಇಳಿಯುವವನಿದ್ದ, ಅಷ್ಟರಲ್ಲಿ ನೆಲವೇ ಇಳಿದುಹೋಗಿತ್ತು.

ಅವನು ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡ. ಹೇಳುತ್ತಿದ್ದ ಹಾಗೆ ಬಲಗೆನ್ನೆ ಬೆಚ್ಚಗಾಯಿತು. ಕಣ್ಣು ಬಿಟ್ಟರೆ ಗುಡ್ಡದ ಹಿಂದಿನಿಂದ ಸೂರ್ಯ ಮೇಲೇಳುತ್ತಿದ್ದ. ಕೆಳಗೆ ಜಮಖಂಡಿಯಲ್ಲಿ ದೀಪ ಹಚ್ಚುತ್ತಿದ್ದರು. ಮೇಲೆ ಪಾರಿಸಪ್ಪನಿಗೆ, ಪಾರಿಸಪ್ಪ ಒಬ್ಬನಿಗೇ, ಪಶ್ಚಿಮದಲ್ಲಿ ಎರಡನೆಯ ಸಲ ಹಗಲಾಗಿತ್ತು. ವಿಮಾನ ಗುಡ್ಡಕ್ಕಿಂತ ಎತ್ತರ ಏರಿದ್ದರಿಂದ ಹೀಗಾಯಿತೆಂದು ಆಮೇಲೆ ಓದಿದವರು ಹೇಳಿದರು. ಪಾರಿಸಪ್ಪ ಓದುವುದಕ್ಕೆ ಕಾಯಲಿಲ್ಲ. ಈ ಸೂರ್ಯ ಎಷ್ಟು ಹೊತ್ತು ಬಾಳುತ್ತಾನೋ ಎಂದು ರೊಟ್ಟಿಯ ಗಂಟು ಬಿಚ್ಚಿ, ಗಾಳಿಗೆ ಹಾರಿದ ಚಟ್ನಿಯಲ್ಲಿ ಅರ್ಧವನ್ನು ಪೈಲಟ್‌ನ ಕನ್ನಡಕಕ್ಕೆ ಬಿಟ್ಟು, ಉಳಿದರ್ಧದಲ್ಲಿ ಮೂರು ರೊಟ್ಟಿ ಒಂದರ ಮೇಲೊಂದು ನುಂಗಿದ. ಕನ್ನಡಕಕ್ಕೆ ಚಟ್ನಿ ಮೆತ್ತಿ ಕಣ್ಣು ಕಾಣದಾದ ಪೈಲಟ್ ವಿಮಾನವನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಮಲಗಿಸಿದ. ಆಮೇಲೆ ಮೂತಿಯನ್ನು ಕೆಳಗೆ ಮಾಡಿದ. ಸೂರ್ಯ ಎರಡನೆಯ ಸಲ ಮುಳುಗಿದ. ಮೂರು ರೊಟ್ಟಿ ಮೂಡುವ ಹವಣಿಕೆಯಲ್ಲಿದ್ದವು.

ಮುಧೋಳದ ಮಾಳದಲ್ಲಿ ಪಂಜು ಹಚ್ಚಿ, ವಾಲಗ ಊದಿಸುತ್ತ ಊರೇ ನಿಂತಿತ್ತು. ಪಾರಿಸಪ್ಪನನ್ನು ಇಬ್ಬರು ತೋಳು ಹಿಡಿದು ಇಳಿಸಿದರು. ಜಮಖಂಡಿಯ ಹಾರದ ಹೂವೆಲ್ಲ ದಾರಿಯಲ್ಲೇ ಉದುರಿ ದಾರ ಉಳಿದಿತ್ತು. ಮುಧೋಳದ ಅಧಿಕಾರಿಗಳು ದಾರವನ್ನೇ ಭಕ್ತಿಯಿಂದ ಕೊರಳಿಗೆ ಹಾಕಿಸಿಕೊಂಡರು. ಅಪ್ಪಾಸಾಬ ತನ್ನ ಗಡಿಯಾರವನ್ನು ಪಂಜಿಗೆ ಹಿಡಿದು, ಆರಕ್ಕೆ ಇನ್ನೂ ಹತ್ತು ಮಿನಿಟು ಇದೆ ಎಂದು ಸಾರಿದ. ಪಂಜು, ವಾಲಗದ ಮೆರವಣಿಗೆಯಲ್ಲಿ ಪಾರಿಸಪ್ಪನನ್ನು ರಾವಸಾಹೇಬನ ಮನೆಗೆ ನಡೆಸಿದರು. ಅವನು ತುಟಿ ಬಿಗಿಹಿಡಿದು, ನೆಲವನ್ನೇ ನೋಡುತ್ತ, ಒಂದೊಂದು ಹೆಜ್ಜೆಯನ್ನೂ ಸಾಲ ತಂದವನ ಹಾಗೆ ಇಟ್ಟ. ವಿಮಾನದಿಂದ ಇಳಿದವರು ಹೀಗೇ ಗಂಭೀರರಾಗುತ್ತಾರೆ ಎಂದು ಜನ ಮಾತಾಡಿಕೊಂಡರು.

ಪಡಸಾಲೆಯಲ್ಲಿ ಅಕ್ಕವ್ವ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿದ ತಾಟು. ಒಲೆ ಆರಿತ್ತು. ರಾವಸಾಹೇಬನ ಮುಖ ಒಲೆಗಿಂತ ಹೆಚ್ಚು ಆರಿತ್ತು. ಪಾರಿಸಪ್ಪ ಮಣೆಯ ಮೇಲೆ ಕೂತ ಕೂಡಲೇ ಅಕ್ಕವ್ವ ಹೋದ ಸಲದ ಹಾಗೆಯೇ, ಒಂದು ಮಾತೂ ಆಡದೆ, ತಾಟನ್ನು ಅವನ ಮುಂದೆ ಸರಿಸಿ ಮುಚ್ಚಳ ತೆಗೆದಳು. ನಾಲ್ಕು ಹೋಳಿಗೆ. ತುಪ್ಪದ ವಾಸನೆ ಎದ್ದು ಬಂದು ಅವನ ಮೂಗಿನ ಮುಂದೆ ನಿಂತಿತು.

ಊರಿನ ಮುಂದೆ ಅತಿಥಿ ಉಪವಾಸ ಬೀಳುವುದು ಯಾರಿಗೂ ಬೇಡವಾಗಿತ್ತು. ಅಪ್ಪಾಸಾಬ ಗಡಿಯಾರ ಎತ್ತಿ ಹಿಡಿದ.

"ಪಾರಿಸಪ್ಪನವ್ರು ಜಮಖಂಡಿ ಬಿಟ್ಟದ್ದು ಆರು ಹೊಡದ ಮ್ಯಾಲ. ಇಲ್ಲಿ ಇನ್ನೂ ಆರು ಹೊಡದಿಲ್ಲ. ಅಂದ್ರ ಅವರು ಇನ್ನೂ ಹೊಂಟೇ ಇಲ್ಲ. ಹೊರಡದಾವ ಇಲ್ಲಿ ಉಂಡ್ರ ಅದು ಉಂಡಂಗಲ್ಲ."

ಇದು ಬಹಳ ಜನಕ್ಕೆ ಸರಿ ಕಂಡಿತು. ಅಷ್ಟರಲ್ಲಿ ಕನ್ನಡಕ ಒರೆಸುತ್ತ ಬಂದ ಪೈಲಟ್, ಮೇಲೆ ಸೂರ್ಯ ಮತ್ತೆ ಹುಟ್ಟಿದ್ದನ್ನೂ, ಈ ಚಾಚಾ ಅದರ ಬೆಳಕಲ್ಲಿ ಉಂಡದ್ದನ್ನೂ ಹೇಳಿದ. ಗದ್ದಲ ಇಮ್ಮಡಿಯಾಯಿತು. ಸೂರ್ಯ ಎರಡು ಸಲ ಮುಳುಗಿದರೆ ಇವರಿಗೆ ಎರಡು ದಿನ ಕಳೆಯಿತು, ಎರಡು ದಿನ ಉಪವಾಸ ಇರಿಸುವುದು ಪಾಪ ಎಂದು ಒಬ್ಬರು. ಒಂದು ಸಲ ಮುಳುಗಿದವನು ಮತ್ತೆ ಎದ್ದ ಮೇಲೆ ಮೂರನೆಯ ಸಲ ಏಳುವುದಿಲ್ಲ ಎಂದು ಏನು ಖಾತ್ರಿ, ಕಿಟಕಿ ತೆಗೆದಿಟ್ಟು ಉಣ್ಣಲಿ ಎಂದು ಇನ್ನೊಬ್ಬರು. ನೆಲ ಬಿಟ್ಟವನಿಗೆ ನೆಲದ ನೇಮ ಹತ್ತುವುದಿಲ್ಲ ಎಂದು ರಾವಸಾಹೇಬನೇ ಸಣ್ಣ ದನಿಯಲ್ಲಿ ಸೇರಿಸಿದ. ಪಾರಿಸಪ್ಪ ಹೋದ ತಿಂಗಳು ಒಬ್ಬನೇ ಹುಡುಕಿದ್ದಕ್ಕಿಂತ ಇವತ್ತು ಊರು ಅವನಿಗಾಗಿ ಹುಡುಕಿಕೊಟ್ಟ ಕಾರಣಗಳು ಹೆಚ್ಚಾಗಿದ್ದವು; ಹೋಳಿಗೆಗೊಂದರಂತೆ ಹಂಚಿದರೂ ಉಳಿಯುತ್ತಿದ್ದವು.

ಅಕ್ಕವ್ವ ಯಾರ ಕಡೆಯೂ ನೋಡಲಿಲ್ಲ. ತಾಟನ್ನು ಇನ್ನೊಂದು ಗೇಣು ಅವನ ಹತ್ತಿರ ಸರಿಸಿದಳು.

"ಉಣ್ರಿ."

ಪಾರಿಸಪ್ಪ ತಾಟು ನೋಡಿದ. ತಾಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಲಗಿತು. ಕಾರಣ ಹೇಳಲು ಬಾಯಿ ತೆರೆದರೆ ಕಾರಣದ ಬದಲು ಏನು ಹೊರಬರುತ್ತದೋ ಎಂಬ ಭಯಕ್ಕೆ ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಇಲ್ಲವೆಂದು ತಲೆ ಆಡಿಸಿದ.

"ಯಾಕ?" ಎಂದಳು ಅಕ್ಕವ್ವ.

ಅವನು ಮತ್ತೆ ತಲೆ ಆಡಿಸಿದ. ಕಾರಣ ಬರಲಿಲ್ಲ. ಅಕ್ಕವ್ವ ಕಾದಳು. ಆಗಲೂ ಬರಲಿಲ್ಲ. ಆರು ಹೊಡೆಯಿತು, ಅಪ್ಪಾಸಾಬ ಗಡಿಯಾರ ಕೆಳಗಿಳಿಸಿದ, ಪಾರಿಸಪ್ಪನ ಬಾಯಿಂದ ಒಂದೇ ಒಂದು ಕಾರಣವೂ ಬರಲಿಲ್ಲ. ಮುದುಕಿ ತಾಟಿಗೆ ಮುಚ್ಚಳ ಹಾಕಿದಳು. ಸಿಹಿ ನಾಳೆ ಹೊತ್ತು ಹುಟ್ಟಿದ ಮೇಲೆ ಎಂದು ಮಗನಿಗೆ ಹೇಳಿ, ಒಳಗಿನ ಬಾಗಿಲ ಕಡೆ ತಿರುಗಿದಳು.

"ಹೀರಾ, ತಲಿ ಮ್ಯಾಲ ಸೆರಗ ಹೊತ್ಕೊಂಡ ಬಾ. ನಿಮ್ಮ ಮಾವ ಬಂದಾರ."

ರಾವಸಾಹೇಬ ಗೋಡೆ ಹಿಡಿದುಕೊಂಡ. ಹುಡುಗಿ ಬಂದು ಪಾರಿಸಪ್ಪನ ಕಾಲು ಮುಟ್ಟಿದಳು. ಅವನ ಮುಖದ ಬೆವರು ನೋಡಿ ಗಾಬರಿಯಾಗಿ, ಯಾರೂ ಹೇಳದೆಯೇ ಒಳಗೆ ಓಡಿ, ತಾಮ್ರದ ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದಳು. ಆಮೇಲೆ ತಾನು ಏನು ಮಾಡಿದೆನೆಂದು ಹೊಳೆದು, ಹಿಂದಕ್ಕೂ ತೆಗೆಯಲಾರದೆ ಅಜ್ಜಿಯ ಕಡೆ ನೋಡಿದಳು.

ಅಕ್ಕವ್ವ ಪಾರಿಸಪ್ಪನನ್ನೇ ನೋಡುತ್ತಿದ್ದಳು.

ಅಷ್ಟು ಹೊತ್ತಿಗೆ ಪಾರಿಸಪ್ಪನ ಹೊಟ್ಟೆಯೊಳಗಿನ ವಿಮಾನ ಇಳಿದು ನಿಂತಿತ್ತು. ತಾಟಿನ ಅಂಚು ನೆಟ್ಟಗಾಗಿತ್ತು. ಒಣ ರೊಟ್ಟಿಯೂ ಖಾರದ ಚಟ್ನಿಯೂ ಗಂಟಲಲ್ಲಿ ಹೊತ್ತಿ ಉರಿಯುತ್ತಿದ್ದವು. ಮುಂಜಾನೆಯಿಂದ ಒಂದು ಗುಟುಕು ನೀರು ಇಳಿದಿರಲಿಲ್ಲ. ತಂಬಿಗೆಯ ಹೊರಮೈ ಮೇಲೆ ತಣ್ಣನೆಯ ಹನಿಗಳು ಕೂತಿದ್ದವು. ಅಪ್ಪಾಸಾಬ ಹತ್ತಿರ ಬಾಗಿ, ನೀರೇನು ಊಟವಲ್ಲ, ಔಷಧ, ಹುಡುಗಿಯ ಕೈಯಿಂದ ಮೊದಲ ಸಲ ಬಂದದ್ದು, ಬೇಡ ಅನ್ನಬಾರದು ಎಂದು ಕಿವಿಯಲ್ಲಿ ಉಸುರಿದ. ಒಳ್ಳೆಯ ಕಾರಣ. ಹೋದ ತಿಂಗಳಿನ ನಾಲ್ಕಕ್ಕಿಂತ ಒಳ್ಳೆಯದು.

ಪಾರಿಸಪ್ಪ ತಂಬಿಗೆ ನೋಡಿದ. ಹುಡುಗಿಯ ಮುಖ ನೋಡಿದ. ಬಾಯಿಗೆ ಹಿಡಿದಿದ್ದ ಎರಡೂ ಕೈ ತೆಗೆದ.

"ಒಲ್ಲೆ, ಮಗಳ," ಎಂದ.